ಮಧ್ಯಾಹ್ನ ಹನ್ನೆರಡು

ರಜೆ ಮುಗಿಸಿ ಮೈಸೂರಿನಿಂದ ದೋಹಾಕ್ಕೆ ಮರಳುವಾಗ ನನಗಿದ್ದ ಹೆದರಿಕೆ ಒಂದೇ, ಮಗಳ ಸೊಂಟದಲ್ಲಿದ್ದ ಆ ಪುಟ್ಟ ಡಬ್ಬಿ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಇನ್ಸುಲಿನ್ ಪಂಪ್ ಕಟ್ಟಿಕೊಂಡ ಇನ್ನೊಂದು ಮಗುವನ್ನು ನಾವು ಎಲ್ಲೂ ಕಂಡಿರಲಿಲ್ಲ. ನಮ್ಮವರ ಕಂಪನಿಯ ವಿಮೆಯಿಂದ ಬಂದದ್ದು ಅದು. ಒಂಬತ್ತು ವರ್ಷದ ಹುಡುಗಿಗೆ ಹೊತ್ತುಹೊತ್ತಿಗೆ ಸೂಜಿ ಚುಚ್ಚುವುದು ತಪ್ಪಿತಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಅದರ ಮೇಲೆ ನಂಬಿಕೆಯೇ ಹುಟ್ಟಲಿಲ್ಲ. ಮಗು ನಿದ್ದೆಯಲ್ಲಿದ್ದರೂ ತನ್ನಷ್ಟಕ್ಕೆ ಔಷಧಿ ಹಾಕುತ್ತಲೇ ಇರುತ್ತದಲ್ಲ, ಅದೇ ಭಯ.

ಬೆಳಗಿನ ಜಾವ ಅವಳ ಸಕ್ಕರೆ ಸುಮ್ಮಸುಮ್ಮನೆ ಏರುತ್ತಿತ್ತು. ಅದಕ್ಕೇ ಡಾಕ್ಟರು ಮೂರು ಗಂಟೆಯಿಂದ ಬೆಳಗಾಗುವವರೆಗೆ ಇನ್ಸುಲಿನ್ ಹೆಚ್ಚು ಹೋಗುವಂತೆ, ಮಧ್ಯಾಹ್ನ ತೀರಾ ಕಡಿಮೆ ಹೋಗುವಂತೆ ಇಟ್ಟಿದ್ದರು. ಡಬ್ಬಿಗೆ ಹೊತ್ತು ಗೊತ್ತಾಗುವುದು ಅದರೊಳಗಿನ ಗಡಿಯಾರದಿಂದ. ಊರಿಗೂ ದೋಹಾಕ್ಕೂ ಎರಡೂವರೆ ಗಂಟೆ ವ್ಯತ್ಯಾಸ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಅದನ್ನು ತಿದ್ದಬೇಕು. ಆ ಕೆಲಸ ನಮ್ಮವರದು. ಇಂಜಿನಿಯರ್ ಅಲ್ಲವೇ, ನನ್ನನ್ನು ಮುಟ್ಟಗೊಡುತ್ತಿರಲಿಲ್ಲ.

ವಿಮಾನ ಇಳಿದು, ಇಲ್ಲಿ ಈಗ ಮಧ್ಯಾಹ್ನ ಹನ್ನೆರಡು ಎಂದು ಗಗನಸಖಿ ಹೇಳಿದ್ದೇ ತಡ, ನಮ್ಮವರು ಡಬ್ಬಿ ತೆಗೆದುಕೊಂಡು ಗುಂಡಿ ಒತ್ತತೊಡಗಿದರು.

"ಸರಿಯಾಗಿ ನೋಡ್ರೀ."

"ನೋಡಿದೀನಿ ಕಣೇ. ಟೈಮ್ ಇಡೋದಕ್ಕೂ ನಿನ್ನ ಪರ್ಮಿಷನ್ ಬೇಕಾ?"

ಎರಡು ತಿಂಗಳು ಮುಚ್ಚಿದ್ದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲಾಟು ಆ ಆಗಸ್ಟಿನಲ್ಲಿ ಕಾದ ಕಾವಲಿಯಂತಿತ್ತು. ಎ.ಸಿ. ಹಾಕಿದರೆ ಮೊದಲು ಧೂಳು, ಆಮೇಲೆ ಬಿಸಿಗಾಳಿ. ಫ್ರಿಜ್ಜು ಖಾಲಿ. ನಿಂತಲ್ಲೇ ನಿಂತು ಬ್ಯಾಟರಿ ಸತ್ತಿದ್ದ ಕಾರನ್ನು ಸರಿ ಮಾಡಿಸಿಕೊಂಡು ಹಾಲು, ಬ್ರೆಡ್ಡು ತರುತ್ತೇನೆಂದು ನಮ್ಮವರು ಹೊರಟರು. ನಾನು ಪೆಟ್ಟಿಗೆ ಬಿಚ್ಚುತ್ತಾ ಕೂತೆ. ಮಗಳು ನೆಲದ ಟೈಲ್ಸ್ ಮೇಲೆ ಮಲಗಿದ್ದಳು. ಅವಳ ಅಂಗಿ ತೊಯ್ದು ತೊಪ್ಪೆಯಾಗಿತ್ತು. ಸಕ್ಕರೆ ಇಳಿದರೆ ಅವಳು ಬೆವರುತ್ತಾಳೆ ಎಂಬುದು ನನಗೆ ಬಾಯಿಪಾಠ. ಆದರೆ ಆ ಮನೆಯಲ್ಲಿ ಯಾರು ತಾನೇ ಬೆವರದೆ ಇದ್ದಾರು? ಪ್ರಯಾಣದ ಆಯಾಸ, ಮಲಗಲಿ ಎಂದು ಅವಳ ಪಕ್ಕದಲ್ಲೇ ಓಡಾಡಿಕೊಂಡಿದ್ದೆ.

ಮಸೀದಿಯಿಂದ ಮೂರು ಗಂಟೆಯ ಅಸರ್ ಬಾಂಗು ಕೇಳಿ ತುಂಬ ಹೊತ್ತಾದ ಮೇಲೆ ಎಬ್ಬಿಸಲೆಂದು ಕುತ್ತಿಗೆ ಮುಟ್ಟಿದೆ. ತಣ್ಣಗಿತ್ತು. ಆ ಸೆಕೆಯಲ್ಲಿ ನನ್ನ ಮಗುವಿನ ಮೈ ತಣ್ಣಗಿತ್ತು! ಕೂಗಿದರೆ ಓಗೊಡಲಿಲ್ಲ. ಬೆರಳಿಗೆ ಚುಚ್ಚಿ ನೋಡಿದೆ, ಸಕ್ಕರೆ ನಲವತ್ತೂ ಇರಲಿಲ್ಲ. ಚೀಲದಲ್ಲಿದ್ದ ಜ್ಯೂಸು, ಗ್ಲೂಕೋಸು ವಿಮಾನದಲ್ಲೇ ಮುಗಿದಿದ್ದವು. ಎದುರು ಮನೆಯ ಬಾಗಿಲು ಬಡಿದೆ. ಮಂಗಳೂರು ಕಡೆಯ ಬ್ಯಾರಿ ಅಕ್ಕ ಅಲ್ಲಿದ್ದರು.

"ಎಂತ ಆಯ್ತು ಮಾರಾಯ್ರೇ?"

"ಸಕ್ಕರೆ ಅಕ್ಕ, ಸಕ್ಕರೆ, ಮಗು..."

"ಜೇನುಂಟು. ನೀವು ಮಗುವಿನ ಹತ್ರ ಹೋಗಿ, ನಾನು ತರ್ತೇನೆ."

ಒಸಡಿಗೆ ಜೇನು ಸವರಿದೆ. ಕೆನ್ನೆ ಒಳಗೆ ಸವರಿದೆ. ಅಕ್ಕ ಅವಳ ತಲೆಯನ್ನು ತೊಡೆಯ ಮೇಲೆ ಒಂದು ಕಡೆಗೆ ವಾಲಿಸಿ ಹಿಡಿದುಕೊಂಡು ದುವಾ ಮಾಡುತ್ತಿದ್ದರು. ಯುಗ ಕಳೆದ ಮೇಲೆ ಮಗಳು ನುಂಗಿದಳು, ಕಣ್ಣು ಬಿಟ್ಟಳು. ನಾನು ಗೊಳೋ ಎಂದು ಅತ್ತೆ. ಅಳು ನಿಲ್ಲುವಷ್ಟರಲ್ಲಿ ಅವಳ ಕಣ್ಣು ಮತ್ತೆ ಮೇಲೆ ಹೋಗತೊಡಗಿತು. ಮತ್ತೆ ಜೇನು. ಇಳಿಯುತ್ತಲೇ ಇದೆ, ಯಾಕೆ? ಆಗ ಸೊಂಟದ ಕಡೆ ನೋಡಿದೆ.

ಡಬ್ಬಿಯ ಪರದೆಯಲ್ಲಿ ಐದು ಗಂಟೆ ಎಂದಿತ್ತು. ಕಿಟಕಿಯಲ್ಲೂ ಸಂಜೆ ಐದರ ಬಿಸಿಲು. ಆಮೇಲೆ ಪಕ್ಕದ ಎರಡು ಸಣ್ಣ ಅಕ್ಷರ ಕಂಡೆ. ಎ.ಎಂ. ಡಬ್ಬಿಯ ಲೆಕ್ಕದಲ್ಲಿ ಆಗ ಬೆಳಗಿನ ಜಾವ. ಊರಿನ ಸಮಯ ಮಧ್ಯಾಹ್ನ ಎರಡೂವರೆಯಿಂದ ಹಿಂದಕ್ಕೆ ಬರುವ ಬದಲು ನಮ್ಮವರು ಮುಂದಕ್ಕೆ ಒತ್ತುತ್ತಾ ಹೋಗಿ, ಮೊದಲು ಕಂಡ ಹನ್ನೆರಡಕ್ಕೆ ನಿಲ್ಲಿಸಿದ್ದರು. ಅದು ಮಧ್ಯರಾತ್ರಿಯ ಹನ್ನೆರಡು. ಮೂರು ಗಂಟೆಯಿಂದ ಅದು ನನ್ನ ಮಗಳಿಗೆ ಜಾವದ ಔಷಧಿ ಕುಡಿಸುತ್ತಿತ್ತು. ಏನೇ ಆದರೂ ಪಂಪ್ ಬಿಚ್ಚಬೇಡ ಎಂದು ಅವರು ನೂರು ಸಲ ಹೇಳಿದ್ದರು. ಡಬ್ಬಿಯಿಂದ ಮೈಗೆ ಹೋಗುತ್ತಿದ್ದ ನಳಿಗೆಯನ್ನು ಕಿತ್ತು ಎಸೆದೆ.

ಬ್ರೆಡ್ಡು ಹಿಡಿದು ಅವರು ಬಂದಾಗ ಮಗಳು ಗೋಡೆಗೊರಗಿ ಕೂತಿದ್ದಳು. ಬೈಯಲು ಬಾಯಿ ತೆರೆದವಳು, ಡಬ್ಬಿಯನ್ನು ಅವರ ಮುಂದೆ ಹಿಡಿದೆ ಅಷ್ಟೇ. ಓದಿದರು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಸಮಯ ತಿದ್ದಲು ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. ನಾನೇ ಒತ್ತಿದೆ, ಅವರು ಜೋರಾಗಿ ಓದಿ ಹೇಳಿದರು.

ಸಕ್ಕರೆ ಸರಿಹೋಗಿ, ಪಂಪ್ ಮತ್ತೆ ಸಿಕ್ಕಿಸುವ ಹೊತ್ತಿಗೆ ಕತ್ತಲಾಗುತ್ತಿತ್ತು. ಮಗಳಿಗೆ ಕಣ್ಣು ಎಳೆಯುತ್ತಿತ್ತು, ಆದರೂ ಮಲಗಲೊಲ್ಲಳು.

"ಅಮ್ಮಾ, ಮಲಗಿದ್ರೆ ಮತ್ತೆ ಏಳ್ತೀನಾ?"

ಅವಳಪ್ಪ ಮುಖ ತಿರುಗಿಸಿಕೊಂಡರು. "ಏಳ್ತೀಯ ಪುಟ್ಟಾ, ಏಳದೆ ಏನು," ಎಂದೆ. ಅವಳು ನನ್ನ ಮಾತು ನಂಬಿ ಮಲಗಿದಳು. ನಾವಿಬ್ಬರೂ ಅವಳ ಆಚೆಗೊಬ್ಬರು ಈಚೆಗೊಬ್ಬರು ಕೂತು, ಆ ಮಾತು ನಿಜವಾಗಲಿ ಎಂದು ಕಾದೆವು.