ಟೀಚರಮ್ಮ ಮತ್ತು ಎರಡು ಪಾಲಿನ ಅಕ್ಕಿ

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕುಳಿತಿದ್ದಾಗ ಅಭಿನಂದನ ಸಮಿತಿಯವರ ಫೋನು ಬಂತು. “ಇಂದ್ರಾಣಮ್ಮ, ಟೀಚರಮ್ಮನ ಬಗ್ಗೆ ನೀವೂ ಬರೀಬೇಕು.”

“ಪುಸ್ತಕಕ್ಕೆ ಬರಿಯೋರು ದೊಡ್ಡೋರು ಕಣಪ್ಪ. ನಾನು ಅಕ್ಕಿ ಆರಿಸೋಳು.”

“ಅದನ್ನೇ ಬರೀರಿ” ಎಂದು ಇಟ್ಟುಬಿಟ್ಟರು. ಹಾಗಾಗಿ ಅಕ್ಕಿಯಿಂದಲೇ ಬರೆಯುತ್ತಿದ್ದೇನೆ.

ತಿ. ನರಸೀಪುರದ ನಮ್ಮ ಪುಟ್ಟ ಸಭೆಗೆ ಉಪದೇಶಿಯಾಗಿ, ಅಂದರೆ ಪಾದ್ರಿಗಳು ಬಾರದ ಭಾನುವಾರಗಳಲ್ಲಿ ಆರಾಧನೆ ನಡೆಸಿ, ಕಾಯಿಲೆಯವರ ಮಂಚದ ಪಕ್ಕ ಕುಳಿತು, ತೀರಿಕೊಂಡವರನ್ನು ಪ್ರಾರ್ಥನೆಯೊಂದಿಗೆ ಮಣ್ಣಿಗೆ ಒಪ್ಪಿಸಿ, ಒಂದು ಆಯುಷ್ಯವನ್ನೇ ಸವೆಸಿದ ನಮ್ಮ ಟೀಚರಮ್ಮ, ಶ್ರೀಮತಿ ಸುನೀತಾ ಸತ್ಯದಾಸರು, ಈಗ ನಿವೃತ್ತರಾಗುತ್ತಿದ್ದಾರೆ. ಇಂಥ ಸೇವೆಯಲ್ಲಿ ಅವರಿಗಿಂತ ಹೆಚ್ಚು ಓದಿದವರು ಇರಬಹುದು. ಅವರಷ್ಟು ಬಾಗಿಲು ತಟ್ಟಿದವರನ್ನು ನಾನು ಕಂಡಿಲ್ಲ.

ಕೂಲಿ ಮುಗಿಸಿ ಬರುವ ಹೆಂಗಸರಿಗೆಂದು ಚರ್ಚಿನ ಪಕ್ಕದ ಕೋಣೆಯಲ್ಲಿ ಅವರು ರಾತ್ರಿ ತರಗತಿ ತೆರೆದಾಗ ನನಗೆ ಮೊಮ್ಮಕ್ಕಳಾಗಿದ್ದರು. ಪೆನ್ಸಿಲು ಹಿಡಿಯಲು ಹಿಂಜರಿದರೆ, “ಕುಡುಗೋಲು ಹಿಡಿಯೋ ಕೈಗೆ ಪೆನ್ಸಿಲು ಯಾವ ಭಾರ, ಬರೀಮ್ಮ” ಎನ್ನುತ್ತಿದ್ದರು. ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿ ನಾನು ಕ್ಷೇಮ ಎಂದು ತಿಳಿಸಬೇಕೆಂದು ಕಲಿಸಿದವರು ಅವರೇ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ, ಭಾನುವಾರ ಚರ್ಚಿಗೆ ಕಾಣಿಕೆಯಾಗಿ ಒಯ್ಯುವ ನಮ್ಮ ಪದ್ಧತಿಯನ್ನು ಸಡಿಲವಾಗಲು ಬಿಡದವರೂ ಅವರೇ.

ಕೊರೊನಾದ ಎರಡನೆಯ ಅಲೆಯಲ್ಲಿ ದೇಶಕ್ಕೆ ದೇಶವೇ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕಾವಲುಗಾರರಾಗಿದ್ದ ನನ್ನ ಯಜಮಾನರು ಜ್ವರ ಬಂದು ಅಲ್ಲೇ ತೀರಿಕೊಂಡರು. ದಾರಿಗಳು ಬಂದ್ ಆಗಿದ್ದವು. ಮಣ್ಣು ಮಾಡಲು ಮುಂದೆ ಬಂದವನು ನಂಜನಗೂಡಿನದೇ ಹುಡುಗ, ಅಮೃತೇಶ್. ಹಣೆಯ ತುಂಬ ವಿಭೂತಿ ಹಚ್ಚುವ ಮನೆತನದವನು. ನಾನು ನಮ್ಮ ಜಗಲಿಯಲ್ಲಿ, ಟೀಚರಮ್ಮ ಬೀದಿಯಲ್ಲಿ ನಿಂತಿದ್ದೆವು. ನಡುವೆ ಅವರ ಫೋನು.

“ಅಮ್ಮಾ, ನಿಮ್ಮ ಪ್ರಾರ್ಥನೆ ನಂಗೆ ಬರಲ್ಲ” ಎಂದ ಹುಡುಗ ಆ ಕಡೆಯಿಂದ.

“ಸ್ಪೀಕರ್ ಹಾಕಿ ಗುಂಡಿ ಹತ್ರ ಹಿಡ್ಕೊಳಪ್ಪ, ನಾನು ಹೇಳ್ತೀನಿ.”

ಅವರು ಪ್ರಾರ್ಥನೆ ಮುಗಿಸಿ ಆಮೆನ್ ಎಂದರು. ಅವನು ಅಭ್ಯಾಸಬಲದಿಂದ “ಓಂ ನಮಃ ಶಿವಾಯ” ಎಂದುಬಿಟ್ಟು, “ತಪ್ಪಾಯ್ತಾ ಅಮ್ಮಾ?” ಎಂದು ಗಾಬರಿಯಾದ.

“ಕೈಲಿ ಮಣ್ಣು ಹಿಡ್ಕೊಂಡು ಹೇಳಿದ್ದು ದೇವರಿಗೆ ಕೇಳ್ಸಿರ್ತದೆ. ಹಾಕಪ್ಪ” ಎಂದರು. ಮಣ್ಣು ಬೀಳುವ ಸದ್ದು ನಮ್ಮ ಬೀದಿಯವರೆಗೆ ಬಂತು.

ಆಮೇಲೆ ನಾನು ಪ್ರಾರ್ಥನೆ ಬಿಟ್ಟೆ. ಆದರೆ ಕೈಗೆ ಬುದ್ಧಿ ಬರಲಿಲ್ಲ. ದಿನವೂ ಇಬ್ಬರಿಗೇ ಅಕ್ಕಿ ಅಳೆಯುತ್ತಿತ್ತು. ಅನ್ನ ಹಳಸಿ ಹೋಗುವುದನ್ನು ಟೀಚರಮ್ಮ ಕಂಡರು. ಕಾಣಿಕೆಯ ಡಬ್ಬಿಯನ್ನು ನನ್ನ ಮುಂದಿಟ್ಟರು.

“ಅಳತೆ ಬದಲಾಯಿಸಬೇಡ. ಅವರ ಪಾಲು ಡಬ್ಬಿಗೆ ಹಾಕು.”

“ಯಾವ ದೇವ್ರಿಗೆ ಆಕ್ಲಿ? ಒಂದು ಮಾತು ಕೇಳ್ನಿಲ್ಲ ಅವ್ನು.”

“ಸಿಟ್ಟಿದ್ರೆ ಸಿಟ್ಟಲ್ಲೇ ಹಾಕು. ಯಾಕೆ ಹಿಂಗಾಯ್ತು ಅಂತ ನಂಗೂ ಗೊತ್ತಿಲ್ಲ ಕಣಮ್ಮ. ಅವನ ಮಗನೂ ಶಿಲುಬೆ ಮೇಲೆ ಅದನ್ನೇ ಕೇಳಿದ. ಬೈಯಿ, ಮಾತು ಮಾತ್ರ ಬಿಡಬೇಡ.”

ಆ ಅಕ್ಕಿಯಲ್ಲಿ ಅವರು ಚರ್ಚಿನ ಅಂಗಳದಲ್ಲಿ ಗಂಜಿ ಕಾಯಿಸಿ, ಸಾವಾದ ಮನೆಗಳಿಗೆ ಜಾತಿ ಮತ ಕೇಳದೆ ಹಂಚಿದರು. ಒಂದು ದಿನ ಸೌಟನ್ನು ನನ್ನ ಕೈಗಿತ್ತರು. ಸಾಲಿನಲ್ಲಿ ನನ್ನಂತೆಯೇ ಬರಿಗೈಯಲ್ಲಿ ಉಳಿದವರಿದ್ದರು. ಪಾತ್ರೆಗೆ ಗಂಜಿ ಬಡಿಸುತ್ತ, ನನಗರಿವಿಲ್ಲದೆಯೇ, ಅವರಿಗಾಗಿ ಬೇಡಿಕೊಳ್ಳುತ್ತಿದ್ದೆ. ಬಿಟ್ಟ ಮಾತು ಹೀಗೆ ಮತ್ತೆ ಕೂಡಿತು.

ಒಂದು ಮಾತ್ರ ಬಾಕಿ ಉಳಿಯಿತು. “ಅಮೃತೇಶನಿಗೆ ಕಾಗದ ಬರಿ. ಮಗ ಮಾಡೋ ಕೆಲಸ ಮಾಡಿದ್ದಾನೆ. ಫೋನಲ್ಲಿ ಹೇಳಿದ್ದು ಅಲ್ಲೇ ಮುಗೀತದೆ, ಅವನು ಎತ್ತಿಟ್ಟುಕೊಳ್ಳೋ ಹಂಗಿರಲಿ” ಎಂದಿದ್ದರು. ಎಷ್ಟೋ ಸಲ ಕುಳಿತೆ. ಮೊದಲ ಸಾಲಿಗೇ ಪೆನ್ನು ನಿಲ್ಲುತ್ತಿತ್ತು. ಕ್ಷೇಮವಿಲ್ಲದವಳು ಕ್ಷೇಮವೆಂದು ಹೇಗೆ ಬರೆಯಲಿ? ಅವರು ಒತ್ತಾಯಿಸಲಿಲ್ಲ. ಭಾನುವಾರ ಡಬ್ಬಿ ಇಸಿದುಕೊಳ್ಳುವಾಗ, “ಕಾಗದ ಎಲ್ಲಿಗೆ ಬಂತಮ್ಮ? ಕಾಲ್ನಡಿಗೇಲಿ ಹೊರಟಿದ್ರೂ ಇಷ್ಟೊತ್ತಿಗೆ ನಂಜನಗೂಡು ಮುಟ್ಟಿರೋದು” ಎಂದು ನಗುತ್ತಿದ್ದರು, ಅಷ್ಟೇ.

ನಿವೃತ್ತಿಯ ನಂತರವೂ ದೇವರು ಅವರಿಗೆ ಬೀದಿ ಸುತ್ತುವ ಕಾಲನ್ನೂ ನಮ್ಮನ್ನು ಕೆಣಕುವ ನಾಲಗೆಯನ್ನೂ ಬಹುಕಾಲ ಗಟ್ಟಿಯಾಗಿ ಇಟ್ಟಿರಲಿ. ಅವರ ಕೈಯಲ್ಲಿ ಇನ್ನೂ ಎಷ್ಟೋ ಹೆಂಗಸರು ಅಕ್ಷರ ಕಲಿಯಲಿ.

ಇಷ್ಟು ಬರೆದು ಮುಗಿಸಿದ ದಿನವೇ, ಅದೇ ಪೆನ್ನಿನಲ್ಲಿ, ಇನ್ನೊಂದು ಹಾಳೆ ತೆಗೆದುಕೊಂಡೆ. ಮರುದಿನ ಬೆಳಿಗ್ಗೆ ಎರಡು ಪಾಲಿನ ಅಕ್ಕಿ ಅಳೆದು, ಒಂದನ್ನು ಡಬ್ಬಿಗೆ ಹಾಕಿ, ಅಂಚೆ ಕಚೇರಿಗೆ ನಡೆದು ಹೋಗಿ ಲಕೋಟೆಯನ್ನು ಪೆಟ್ಟಿಗೆಗೆ ಬಿಟ್ಟು ಬಂದೆ. ಟೀಚರಮ್ಮ, ಈ ಭಾನುವಾರ ನೀವು ಕೇಳಬೇಕಾಗಿಲ್ಲ. ಅದರ ಮೊದಲ ಸಾಲು ನೀವು ಕಲಿಸಿದ್ದೇ: “ಚಿರಂಜೀವಿ ಅಮೃತೇಶನಿಗೆ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ.”