ಬೆನ್ನ ಹಿಂದಿನ ಸಪ್ಪಳ

ಎಪ್ಪತ್ತರ ದಶಕದ ಮೊದಲಲ್ಲಿ ಕೊಳ್ಳೇಗಾಲದ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೊಂದಿತ್ತು ಅಂದರೆ ನನ್ನ ಮಕ್ಕಳೇ ನಂಬುವುದಿಲ್ಲ. ಆದರೆ ಇತ್ತು. ಕಂಬಗಳನ್ನು ಊರಿನ ಬಡಗಿ ನೆಟ್ಟಿದ್ದ. ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ ಕಮ್ಮಾರನೇ ರಿಂಗುಗಳನ್ನೂ ಬಗ್ಗಿಸಿ ಕೊಟ್ಟಿದ್ದ. ನೆಲ ಮಣ್ಣಿನದು. ಬಿದ್ದರೆ ಮೊಣಕೈ ತರಚಿ ಮನೆಯಲ್ಲಿ ಸಿಕ್ಕಿಬೀಳುವುದು ಖಂಡಿತ.

ಆಟ ಅಂದರೆ ನನಗೆ ಇಷ್ಟ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಚೆಂಡು ಮುಖಕ್ಕೆ ಬಡಿಯುವ ಭಯ, ಕಾಂಪೌಂಡಿನ ಮೇಲೆ ಕೂತು ನೋಡುವ ಗಂಡಸರ ಭಯ. ಆ ಗಂಡಸರಲ್ಲಿ ನಮ್ಮ ದೊಡ್ಡಪ್ಪನೂ ಒಂದು ದಿನ ಕೂತಿರಬಹುದೆಂಬ ಭಯ. ಮೊಣಕಾಲು ಮುಚ್ಚುವ ನೀಲಿ ಲಂಗ ತೊಟ್ಟು ಆಡುತ್ತಿದ್ದೆವು. ಓಡುವಾಗಲೂ ಒಂದು ಕೈ ಲಂಗದ ಮೇಲೆ. ಮತ್ತೆ, ನಮ್ಮಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳ ದನಿ ಬೀದಿಗೆ ಕೇಳಬಾರದೆಂದು ಮನೆಯಲ್ಲಿ ಹೇಳಿದ್ದನ್ನು ಮೈದಾನದಲ್ಲೂ ಪಾಲಿಸುತ್ತಿದ್ದೆವು. ಚೆಂಡಿನ ಸದ್ದು, ಕಾಲಿನ ಸದ್ದು, ಪಿ.ಟಿ. ಮೇಷ್ಟ್ರ ಸೀಟಿ, ಇಷ್ಟೇ ನಮ್ಮ ಆಟ.

ಹೀಗಿದ್ದೂ ನಾವು ಗೆಲ್ಲುತ್ತಿದ್ದೆವು. ಕಾರಣ ನಮ್ಮ ಸೆಂಟರ್, ಅಂದರೆ ರಿಂಗಿನ ಹತ್ತಿರ ನಿಂತು ಆಡುವವಳು. ಅವಳು ಲೊಕ್ಕನಹಳ್ಳಿಯವಳು, ಓದಲಿಕ್ಕೆ ಕೊಳ್ಳೇಗಾಲದ ಸೋದರತ್ತೆಯ ಮನೆಯಲ್ಲಿದ್ದಳು. ಶಾಲೆಗೆ ತಡವಾಗಿ ಸೇರಿದ್ದರಿಂದ ನಮಗಿಂತ ವಯಸ್ಸಿನಲ್ಲಿ ದೊಡ್ಡವಳು, ಎಲ್ಲರೂ ಅಕ್ಕ ಅನ್ನುತ್ತಿದ್ದೆವು. ಮೇಷ್ಟ್ರಿಗಿಂತಲೂ ಎತ್ತರ. ಅಷ್ಟು ಎತ್ತರದ ಹುಡುಗಿಗೆ ಗಂಡು ಎಲ್ಲಿ ಸಿಗುತ್ತಾನೆಂದು ಅವಳ ಮನೆಯವರಿಗೆ ಚಿಂತೆ. ನಮಗೆ ಮಾತ್ರ ಆ ಎತ್ತರವೇ ಎಲ್ಲ. ಚೆಂಡು ಸಿಕ್ಕಿದರೆ ಅಕ್ಕನ ತಲೆಯ ಮೇಲಕ್ಕೆ ಎಸೆಯುವುದು, ಅವಳು ನೆಗೆದು ಹಿಡಿದು ರಿಂಗಿಗೆ ಹಾಕುವುದು. ಬೇರೆ ಏನನ್ನೂ ನಾವು ಕಲಿತಿರಲಿಲ್ಲ.

ಆ ವರ್ಷ ರಾಗಿ ತೆನೆ ಬಲಿಯುವ ಕಾಲಕ್ಕೆ ಅಕ್ಕ ರಜೆಗೆಂದು ಊರಿಗೆ ಹೋದಳು. ಅವರ ಹೊಲ ಕಾಡಂಚಿನಲ್ಲಿತ್ತು. ರಾತ್ರಿ ಆನೆ ಬರದಂತೆ ಕಾವಲಿದ್ದ ಅಪ್ಪನಿಗೆ ಬೆಳಿಗ್ಗೆ ತಿಂಡಿ ಕೊಟ್ಟು ಬದುವಿನ ಮೇಲೆ ವಾಪಸು ಬರುತ್ತಿದ್ದಳಂತೆ. ಆನೆಗಳೆಲ್ಲ ಕಾಡಿಗೆ ಹೋದವೆಂದು ಅಪ್ಪ ಹೇಳಿದ್ದ. ಒಂದು ಉಳಿದುಕೊಂಡಿತ್ತು. ಅವಳು ಅದನ್ನು ನೋಡಲಿಲ್ಲ, ಬೆನ್ನ ಹಿಂದೆ ರಾಗಿ ತೆನೆ ಸರಸರ ಮುರಿಯುವ ಸದ್ದು ಮಾತ್ರ ಕೇಳಿತು. ಓಡಿದಳು. ಬದುವಿನ ಪಕ್ಕದ ಕೊರಕಲಿಗೆ ಕಾಲು ಸಿಕ್ಕಿ, ಮೊಣಕಾಲು ತಿರುಚಿ ಬಿದ್ದಳು. ಆನೆ ಅವಳ ಪಕ್ಕದಲ್ಲೇ ಹಾದು ಕಾಡಿನ ಕಡೆ ಹೋಯಿತು.

ಈ ಸುದ್ದಿಯನ್ನು ಅವಳ ಸೋದರತ್ತೆ ಶಾಲೆಗೆ ಬಂದು ಹೇಳಿದಳು. ಅಕ್ಕ ಬದುಕಿದ್ದಾಳೆ ಅನ್ನುವುದು ಮೊದಲು ತಲೆಗೆ ಹೋಯಿತು. ಇನ್ನು ತಂಡದ ಗತಿ ಏನು ಅನ್ನುವುದು ಆಮೇಲೆ.

ಆ ಗತಿಯನ್ನು ಯಳಂದೂರಿನಲ್ಲಿ ಕಂಡೆವು. ಅಲ್ಲಿಯ ಹುಡುಗಿಯರ ಮೇಲೆ ಆಡಲು ಹೋಗಿ, ಅಭ್ಯಾಸಬಲದಿಂದ ಚೆಂಡನ್ನು ರಿಂಗಿನ ಹತ್ತಿರಕ್ಕೆ ಎತ್ತರವಾಗಿ ಎಸೆದೆವು. ಅಲ್ಲಿ ಅಕ್ಕ ಇರಲಿಲ್ಲ. ಪ್ರತಿ ಸಲವೂ ಚೆಂಡು ಅವರ ಕೈ ಸೇರಿತು. ಕೊನೆಕೊನೆಗೆ ಚೆಂಡು ನನ್ನ ಕಡೆ ಬಂದರೆ ಸಾಕು, ಯಾರಿಗಾದರೂ ದಾಟಿಸಿಬಿಡೋಣ ಅನ್ನಿಸುತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

"ಸಂಕ್ರಾಂತಿ ಕಳೆದ ಮೇಲೆ ಇವ್ರೇ ನಮ್ಮೂರ್ಗೆ ಬತ್ತಾರೆ. ಆಗ್ಲೂ ಇಂಗೇ ಆದ್ರೆ ಸಾಯಂಕಾಲದ ಮೈದಾನ ಹುಡುಗ್ರಿಗೆ ಬಿಟ್ಕೊಡಿ ಅಂದವ್ರೆ ಹೆಡ್‌ಮೇಷ್ಟ್ರು. ನಾನೇನೂ ಹೇಳಕಾಗಲ್ಲ ಕಣ್ರವ್ವ."

ಮೈದಾನ ಹೋದರೆ ಶಾಲೆ ಬಿಟ್ಟ ತಕ್ಷಣ ಮನೆಗೆ ಬರಬೇಕು. ನಮ್ಮ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಂದ ಗೂಡಿನ ವಾಸನೆ, ಬಿಸಿನೀರು, ಚರಕದ ಸದ್ದು. ಅದರ ನಡುವೆ ಕೂತರೆ ಮದುವೆಯವರೆಗೆ ಏಳುವಂತಿಲ್ಲವೆಂದು ನನಗೆ ಗೊತ್ತಿತ್ತು.

ಹಬ್ಬ ಮುಗಿದ ವಾರದಲ್ಲಿ ಅಕ್ಕ ಹನೂರಿನ ಬಸ್ಸಿನಿಂದ ಇಳಿದಳು. ಜೊತೆಗೆ ಅವಳ ಅವ್ವ. ನಾಟಿ ವೈದ್ಯ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿಯಾಗಿತ್ತು, ಆದರೂ ಉದ್ದಿನ ಹಿಟ್ಟು, ಮೊಟ್ಟೆಯ ವಾಸನೆ ಹೋಗಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಮೊಣಕಾಲು ಒತ್ತಿ ನೋಡಿ, ನಡೆಯಬಹುದು, ಸ್ವಲ್ಪ ಓಡಲೂಬಹುದು, ನೆಗೆಯುವಂತಿಲ್ಲ ಅಂದರು. ಅವ್ವ ನೇರ ಮೇಷ್ಟ್ರ ಹತ್ತಿರ ಬಂದಳು.

"ಆಡಿಸ್ಬ್ಯಾಡಿ ಸಾ. ಆನೆ ಬುಟ್ಟದ್ದೇ ಎಚ್ಚು. ಈಗ ಚೆಂಡಿಂದ ಕಾಲ್ ಓದ್ರೆ ಇವ್ಳ ಕೈ ಯಾರ್ ಇಡೀತಾರೆ?"

ಮೇಷ್ಟ್ರು ಮಾತಾಡುವ ಮೊದಲೇ ಅಕ್ಕ ಹೇಳಿದಳು. "ಸುಮ್ಕೆ ನಿಂತ್ಕತೀನಿ ಕಣವ್ವ. ನೆಗೆಯಾಕಿಲ್ಲ." ಆ ಮಾತಿನ ಮೇಲೆ ಅವ್ವ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಅವಳು ರಿಂಗಿನ ಮುಂದೆ, ರಿಂಗಿಗೆ ಬೆನ್ನು ಮಾಡಿ ನಿಲ್ಲಬೇಕು. ನಾವು ಚೆಂಡನ್ನು ಅವಳ ಎದೆಯ ಮಟ್ಟಕ್ಕೆ ಕೊಟ್ಟು ಎರಡೂ ಪಕ್ಕದಿಂದ ಓಡಿಹೋಗಬೇಕು. ಯಾರು ಖಾಲಿ ಇದ್ದಾರೋ ಅವರಿಗೆ ಅವಳು ಕೊಡುತ್ತಾಳೆ. ಮೇಷ್ಟ್ರು ಹೀಗೆ ಹೇಳಿಕೊಟ್ಟರು. ಚೆಂಡು ಕೊಡುವ ಕೆಲಸ ಹೆಚ್ಚಾಗಿ ನನ್ನದು. ಚೆಂಡು ಒಂದು ಗೇಣು ಮೇಲೆ ಹೋದರೂ ಅವಳು ಮರೆತು ನೆಗೆದುಬಿಟ್ಟರೆ?

ಮೊದಲ ದಿನವೇ ಕೆಟ್ಟದ್ದಾಯಿತು. ಗುರಿ ತಪ್ಪಿದ ಚೆಂಡನ್ನು ಹಿಡಿಯಲು ನಾನು ಅಕ್ಕನ ಹಿಂದಿನಿಂದ ಓಡಿದೆ. ನನ್ನ ಕಾಲು ಹೊಂಗೆ ಮರದ ಒಣ ಎಲೆಗಳ ಮೇಲೆ ಬಿದ್ದು ಸರಸರ ಸದ್ದಾಯಿತು. ಅಕ್ಕ ತಲೆಯ ಮೇಲೆ ಎರಡೂ ಕೈ ಇಟ್ಟು ನೆಲಕ್ಕೆ ಕುಸಿದಳು. ಮೊಣಕಾಲು ಹೋಯಿತೆಂದುಕೊಂಡೆ. ಎಲ್ಲರೂ ನಿಂತಲ್ಲೇ ನಿಂತರು. ನಾನು ಹತ್ತಿರ ಹೋಗಿ ಮುಟ್ಟಿದರೆ ಅವಳ ಮೈಯೆಲ್ಲ ಅದುರುತ್ತಿತ್ತು, ಕುತ್ತಿಗೆ ಬೆವೆತು ತಣ್ಣಗಾಗಿತ್ತು.

ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಮುಖ ತೊಳೆದು ಲಂಗದ ಅಂಚಿನಿಂದ ಒರೆಸಿಕೊಂಡಳು.

"ಕಾಲ್ಗೇನೂ ಆಗಿಲ್ಲ ಕಣೇ," ಅಂದಳು. "ಇಂದ್ಗಡೆ ಯಾರಾರ ಬಂದ್ರೆ ಅದೇ ಬತ್ತಾ ಅದೆ ಅನ್ನುಸ್ತದೆ. ಬೀದೀಲೂ ಅಂಗೇ. ಅತ್ತೆ ಇಂದಿಂದ ಕರೆದ್ರೂ ಎದೆ ಒಡ್ಕತದೆ. ಯಾರ್ಗೂ ಏಳಿಲ್ಲ."

"ಅಂಗಾರೆ ಅಲ್ಲಿ ಯಂಗ್ ನಿಂತ್ಕತೀಯ? ಅಲ್ಲಿ ಎಲ್ರೂ ಇಂದ್ಗಡೇನೇ ಇರೋದು."

"ಅದೇ ಗೊತ್ತಾಯ್ತಿಲ್ಲ."

ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಬರುವವರ ಹೆಜ್ಜೆಗಳನ್ನೇ ಕೇಳುತ್ತಿದ್ದೆ. ನೋಡಲಾಗದ ಕಡೆಯಿಂದ ಬರುವ ಸದ್ದು ಎಷ್ಟು ಹತ್ತಿರ ಅನ್ನಿಸುತ್ತದೆಂದು ಅಂದು ಮೊದಲ ಸಲ ತಿಳಿಯಿತು. ಮಾರನೆಯ ದಿನ ಅವಳಿಗೆ ಹೇಳಿದೆ, "ನಾನ್ ಬಂದ್ರೆ ಬಂದೆ ಅಂತೀನಿ ಕಣಕ್ಕ. ಬ್ಯಾರೆಯೋರ್ ಬಂದ್ರೂ ಯಾರು, ಯಾವ್ ಪಕ್ಕ ಅಂತ ಕೂಗಿ ಏಳ್ತೀನಿ."

ಕೂಗಿದೆ. ಮೊದಲ ಸಲ ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ಕಾಂಪೌಂಡಿನ ಮೇಲಿದ್ದ ಯಾರೋ ನಕ್ಕರು. ಆದರೆ "ನಾನು ಕಣಕ್ಕ, ಎಡಗಡೆ" ಅಂದಾಗ ಅಕ್ಕ ಬೆಚ್ಚಲಿಲ್ಲ. ತಿರುಗದೆಯೇ ಎಡಕ್ಕೆ ಚೆಂಡು ಕೊಟ್ಟಳು. ಆ ಕೊಡುವಿಕೆ ಎಷ್ಟು ಸರಿಯಾಗಿತ್ತೆಂದರೆ ನಾನು ಹಿಡಿಯುವುದನ್ನೇ ಮರೆತೆ.

ವಿಷಯ ತಿಳಿದ ಮೇಲೆ ಉಳಿದವರೂ ಕೂಗತೊಡಗಿದರು. ಮೊದಲು ಅಕ್ಕನಿಗಾಗಿ ಮಾತ್ರ. ಆಮೇಲೆ ಒಬ್ಬರಿಗೊಬ್ಬರು. ಬಂದೆ, ಬಿಡು, ನಿನ್ನ ಬಲಕ್ಕೆ, ಇಲ್ಲಿ ಖಾಲಿ. ಮೇಷ್ಟ್ರು ಸೀಟಿ ಊದುವುದನ್ನು ಬಿಟ್ಟು ನೋಡುತ್ತಾ ನಿಂತರು.

ಯಳಂದೂರಿನವರು ಬಂದ ದಿನ ಅಕ್ಕನ ಅವ್ವ ಮತ್ತೆ ಬಂದಿದ್ದಳು. ಹೊಂಗೆ ಮರದ ಕೆಳಗೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತಳು. ನೋಡಲಾರೆ, ಮನೆಯಲ್ಲಿ ಕೂರಲೂ ಆರೆ ಅಂದಳಂತೆ.

ಮೊದಲರ್ಧ ನಾವು ಹಿಂದೆ ಇದ್ದೆವು. ಅಕ್ಕ ನೆಗೆಯುವುದಿಲ್ಲವೆಂದು ಅವರಿಗೆ ಬೇಗ ಗೊತ್ತಾಯಿತು. ಆದರೂ ಅವಳ ಎತ್ತರಕ್ಕೆ ಹೆದರಿ ಇಬ್ಬರು ಅವಳಿಗೇ ಅಂಟಿಕೊಂಡು ನಿಂತರು. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಹಿಂದಿನವಳ ಉಸಿರು ಅಕ್ಕನ ಕುತ್ತಿಗೆಗೆ ತಾಗುತ್ತಿತ್ತು. ಅಕ್ಕನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದು ನನಗೆ ಕಾಣುತ್ತಿತ್ತು. ಇನ್ನೇನು ಕುಸಿಯುತ್ತಾಳೆ ಅನ್ನಿಸಿ ನಾನು ಚೆಂಡು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ವಿರಾಮದಲ್ಲಿ ಅವಳು ಕುಡಿಯುವ ನೀರನ್ನೇ ಮುಖಕ್ಕೆ ಎರಚಿಕೊಂಡಳು.

"ಸಾಕಾ, ಕೂತ್ಕತೀಯ?" ಅಂದರು ಮೇಷ್ಟ್ರು.

"ಕೂತ್ರೆ ಇನ್ನೂ ಎದ್ರಿಕೆ ಆಯ್ತದೆ ಸಾ," ಅಂದಳು. ಆಮೇಲೆ ನಮ್ಮ ಕಡೆ ತಿರುಗಿ, "ಇನ್ನೂ ಜೋರಾಗ್ ಕೂಗ್ರೇ," ಅಂದಳು.

ಎರಡನೆಯ ಅರ್ಧದಲ್ಲಿ ಗಂಟಲು ಹರಿಯುವಂತೆ ಕೂಗಿದೆವು. ಇಬ್ಬರು ಅಕ್ಕನ ಹತ್ತಿರವೇ ಇದ್ದುದರಿಂದ ನಮ್ಮಲ್ಲಿ ಒಬ್ಬರು ಸದಾ ಖಾಲಿ. ಕೂಗಿದ ಕಡೆಗೆ ಅಕ್ಕನ ಕೈಯಿಂದ ಚೆಂಡು ಹೋಗುತ್ತಿತ್ತು. ಎಂದೂ ಗುರಿಗೆ ಎಸೆಯದಿದ್ದವರೂ ಎಸೆದೆವು. ಕೆಲವು ರಿಂಗಿನೊಳಗೆ ಬಿದ್ದವು.

ಕೊನೆಗೆ ಎರಡೂ ತಂಡ ಸಮ ಬಂದಾಗ ಯಳಂದೂರಿನ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ತಪ್ಪಿಹೋಗುತ್ತಿದ್ದ ಚೆಂಡಿನ ಹಿಂದೆ ತಲೆ ಬಗ್ಗಿಸಿ ಓಡಿಬಂದಳು. ಅವಳು ಬರುತ್ತಿದ್ದದ್ದು ನೇರ ಅಕ್ಕನ ಬೆನ್ನಿಗೆ. ಅವಳು ಅಪ್ಪಳಿಸಿದರೆ ಆ ಮೊಣಕಾಲು ಮತ್ತೆ ಕೂಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅಷ್ಟು ಭಯ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

"ಅಕ್ಕಾ, ಎಡಕ್ಕ್ ಬಾ, ಇಂದೆ ಅವ್ಳೆ."

ಅಕ್ಕ ಕುಸಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ಎಡಕ್ಕೆ ಒಂದು ಹೆಜ್ಜೆ ಇಟ್ಟಳು. ಆ ಹುಡುಗಿ ಪಕ್ಕದಲ್ಲೇ ಹಾದುಹೋಗಿ ಮಣ್ಣಿಗೆ ಬಿದ್ದಳು. ಚೆಂಡು ಅಕ್ಕನ ಕಾಲ ಬಳಿ ಉರುಳಿತು. ಅವಳು ಬಗ್ಗಿ ಎತ್ತಿಕೊಂಡು, ರಿಂಗಿನ ಕಡೆ ತಿರುಗಿ, ನಿಧಾನವಾಗಿ, ನೆಗೆಯದೆಯೇ, ಕೈ ಚಾಚಿ ರಿಂಗಿಗೆ ಹಾಕಿದಳು.

ಆ ಒಂದು ಗುರಿಯ ಅಂತರದಲ್ಲೇ ಆಟ ಮುಗಿಯಿತು. ಗೆದ್ದೆವು. ಕುಣಿಯುವ ಬದಲು ಎಲ್ಲರೂ ಅಕ್ಕನ ಕಾಲನ್ನೇ ನೋಡುತ್ತಿದ್ದೆವು. ಅವ್ವ ಮರದಡಿಯಿಂದ ಎದ್ದು ಬಂದು ಮಗಳ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ, ಮಡಿಚಿ, ಬಿಡಿಸಿ ನೋಡಿದಳು. ಆಮೇಲೆ, "ಯಾರ್ ಗೆದ್ರು?" ಅಂದಳು. ಬಿದ್ದ ಹುಡುಗಿ ಮೊಣಕೈಯ ಮಣ್ಣು ಕೊಡವಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ಅದ್ಯಾಕ್ ಅಂಗ್ ಕೂಗ್ತಿದ್ರಿ? ನಂಗೇ ದಿಗಿಲಾಯ್ತು," ಅಂದಳು. ನಾನು ನಕ್ಕೆ.

ಮೈದಾನ ನಮಗೇ ಉಳಿಯಿತು. ಆಮೇಲೆ ಮೈಸೂರಿಗೆ ಆಡಲು ಕಳಿಸಿದರು. ಅಲ್ಲಿ ಸಿಮೆಂಟಿನ ಅಂಕಣ, ಸುತ್ತ ಮೆಟ್ಟಿಲ ತುಂಬ ಜನ. ಅವರ ಗದ್ದಲದಲ್ಲಿ ನಮ್ಮ ಕೂಗು ಮುಳುಗಿಹೋಯಿತು. ಸ್ವಲ್ಪ ಹೊತ್ತಿಗೆ ಅಕ್ಕ ತಾನೇ ಹೊರಗೆ ಬಂದಳು. "ಏನೂ ಕೇಳುಸ್ತಿಲ್ಲ ಕಣೇ, ನನ್ ಕೈಲಾಗಾಕಿಲ್ಲ," ಅಂದಳು. ಯಾರೂ ಬಲವಂತ ಮಾಡಲಿಲ್ಲ. ಅವಳಿಲ್ಲದೆಯೇ ಆಡಿ ಸೋತೆವು, ಆದರೆ ಹಿಂದಿನಂತೆ ಸೋಲಲಿಲ್ಲ. ಚೆಂಡನ್ನು ಕಂಡು ಓಡಿಹೋಗುವವರು ನಮ್ಮಲ್ಲಿ ಯಾರೂ ಉಳಿದಿರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಕ್ಕನಿಗೆ ಗಂಡು ಗೊತ್ತಾಯಿತು. ಅವಳ ಭುಜಕ್ಕೆ ಬರುತ್ತಿದ್ದ, ನಗುಮುಖದವನು, ಹನೂರಿನಲ್ಲಿ ಬಟ್ಟೆ ಅಂಗಡಿ. ನೋಡಲು ಬಂದವರು ಏನಾದರೂ ಕೇಳುವುದಿದ್ದರೆ ಕೇಳಮ್ಮ ಅಂದಾಗ ಅವಳು ಒಂದೇ ಮಾತು ಕೇಳಿದಳಂತೆ, "ಮನೆ ಇಂದ್ಗಡೆ ಒಲ ಅದಾ?" ಇಲ್ಲ, ಹಿಂದೆ ಮುಂದೆ ಎಲ್ಲ ಬರೀ ಅಂಗಡಿ, ಮನೆ ಅಂದರು. ಅವರು ಯಾಕೆ ಅಂತ ಕೇಳಲಿಲ್ಲ. ಅವಳು ಒಪ್ಪಿದಳು.