ಎರಡೂವರೆ ಅಡಿಯ ಊರುಗೋಲು

ಬೆಳಕು ಹರಿಯುವ ಮೊದಲೇ ಸರ್ಕಾರಿ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಮರ ಉಜ್ಜುವ ಸದ್ದು. ಟ್ಯೂಬ್‌ಲೈಟಿನ ಕೆಳಗೆ ಬಡಗಿ ಬಗ್ಗಿದ್ದಾರೆ, ಮೀಸೆಯ ಮೇಲೆಲ್ಲ ಮರದ ಹುಡಿ. ಆಸ್ಪತ್ರೆಯವರ ಬಾಯಲ್ಲಿ ಇವರು ಕೋಲಣ್ಣ. ಕಾಲು ಕಳೆದುಕೊಂಡವರು ಇಲ್ಲಿಂದ ಎದ್ದು ನಡೆಯುವುದು ಇವರ ಊರುಗೋಲಿನ ಮೇಲೆಯೇ. ಆದರೆ ಡಾಕ್ಟರಿಗೆ ಕೈಮುಗಿದು ಹೋಗುವವರು ಈ ಶೆಡ್ಡಿನತ್ತ ತಿರುಗಿಯೂ ನೋಡುವುದಿಲ್ಲ. "ತಿರುಗಿ ನೋಡೋಕೆ ಹೋಗಿ ಎಡವಿ ಬಿದ್ರೆ? ಬೇಡ ಬಿಡಿ," ಎಂದು ಕೋಲಣ್ಣ ನಗುತ್ತಾರೆ.

ಈ ವಾರ ಆ ನಗು ಕಡಿಮೆ. ದೂರದ ದೇಶವೊಂದರ ಯುದ್ಧಕ್ಕೆ ಸಿಕ್ಕಿ ನರಳುತ್ತಿರುವ ಜನರಿಗೆ ಸರ್ಕಾರ ಔಷಧಿ, ಬ್ಯಾಂಡೇಜು ಕಳಿಸುತ್ತಿದೆ. ಅದರೊಂದಿಗೆ ಇಪ್ಪತ್ನಾಲ್ಕು ಜೊತೆ ಊರುಗೋಲು. ಶುಕ್ರವಾರ ವಿಮಾನ. ಎತ್ತರ ಎರಡೂವರೆ ಅಡಿ ಎಂದು ಉಗ್ರಾಣದ ಮೇಡಂ ಹೇಳಿದಾಗ ಕೋಲಣ್ಣ ಒಳಗೊಳಗೇ ನಕ್ಕಿದ್ದರಂತೆ. "ಪಾಪ, ಬಾಯ್ತಪ್ಪಿ ಹೇಳಿದಾರೆ ಅಂದ್ಕೊಂಡೆ. ಯುದ್ಧ ಅಂದ್ರೆ ದೊಡ್ಡೋರದ್ದು ತಾನೇ? ನಾಲ್ಕಡಿಗೇ ಕುಯ್ದೆ."

ಸೋಮವಾರ ಮೇಡಂ ಬಂದು, ಗೋಡೆಗೆ ಒರಗಿಸಿದ್ದ ಎಂಟು ಜೊತೆ ಕಂಡು ದಂಗಾಗುತ್ತಾರೆ. "ಇದು ಯಾರಿಗಪ್ಪಾ? ನಾನು ಸರಿಯಾಗೇ ಹೇಳಿದ್ದೆ. ಎಲ್ಲಾ ನಾಲ್ಕೈದು ವರ್ಷದ ಮಕ್ಕಳು."

ಕೋಲಣ್ಣ ಕೈಯಲ್ಲಿದ್ದ ಗರಗಸ ಕೆಳಗಿಡುತ್ತಾರೆ. "ಇಪ್ಪತ್ನಾಲ್ಕೂ ಮಕ್ಕಳಾ ಮೇಡಂ?"

"ಇದು ಮೊದಲನೇ ಕಂತು."

ಕೋಲಣ್ಣ ಎರಡೂವರೆ ಅಡಿಗೆ ಗುರುತು ಹಾಕಿ ಹೊಸದಾಗಿ ಕುಯ್ಯಲು ಶುರುಮಾಡುತ್ತಾರೆ.

ಸಂಜೆ, ಎತ್ತರ ಖಾತ್ರಿ ಮಾಡಿಕೊಳ್ಳಲು ಹೊಸದೊಂದನ್ನು ಮನೆಗೆ ಒಯ್ದು ನಾಲ್ಕು ವರ್ಷದ ಮೊಮ್ಮಗಳ ಕಂಕುಳಿಗೆ ಹಿಡಿಯುತ್ತಾರೆ. ಅಳತೆ ಹಾಳಾದ್ದು ಸರಿಯಾಗಿಯೇ ಇದೆ. ಹೆಂಡತಿ ಒಲೆ ಬಿಟ್ಟು ಓಡಿಬಂದು ಮಗುವನ್ನು ಎಳೆದುಕೊಳ್ಳುತ್ತಾರೆ. "ತಲೆ ಕೆಟ್ಟಿದೆಯೇನ್ರೀ ನಿಮಗೆ? ಬಿಡ್ತು ಅನ್ನಿ!" ವಿಷಯ ತಿಳಿದ ಮೇಲೆ, ಮರುದಿನದಿಂದ ಶೆಡ್ಡಿನ ಮೂಲೆಯಲ್ಲಿ ಕೂತು ಕಂಕುಳ ಮೆತ್ತೆಗಳಿಗೆ ಹತ್ತಿ ತುಂಬುತ್ತಿರುವವರು ಅವರೇ. ಗಡುಸಾದದ್ದನ್ನು ಬಿಚ್ಚಿ ಮತ್ತೆ ತುಂಬುತ್ತಾರೆ.

ಇಂದು ಗುರುವಾರ. ಇನ್ನೂ ಐದು ಜೊತೆ ಬಾಕಿ. ಕೆಳತುಂಡನ್ನು ಇಳಿಸಿ ಬೋಲ್ಟು ಬಿಗಿದು ಊರುಗೋಲಿನ ಉದ್ದ ಹೆಚ್ಚಿಸಿಕೊಳ್ಳಲು ಅದಕ್ಕೆ ಮೂರು ತೂತು ಕೊರೆದರೆ ಸಾಕು. ಕೋಲಣ್ಣ ತುಂಡನ್ನೇ ಉದ್ದ ಬಿಟ್ಟು ಏಳು ಕೊರೆಯುತ್ತಿದ್ದಾರೆ. ಹೊತ್ತು ಮೀರುತ್ತಿದ್ದರೂ ಇಷ್ಟೇಕೆ ಎಂದು ಕೇಳಿದರೆ, ಕೊರೆದ ತೂತಿಗೆ ಬಾಯಿಂದ ಊದಿ ಹುಡಿ ಹಾರಿಸುತ್ತಾರೆ.

"ಮಕ್ಕಳಲ್ವಾ ಸಾರ್, ಬೆಳೀಬೇಕು. ಕೊನೇ ತೂತೂ ದಾಟಿ ಬೆಳೀಲಿ. ಈ ಮುದುಕ ಎಷ್ಟು ಗಿಡ್ಡ ಕೋಲು ಮಾಡಿದಾನೆ ಅಂತ ನನ್ನ ಬೈಕೊಳ್ಳಲಿ."